ಕೋಸಿನ ಎಲೆ ಮತ್ತು ಕರುವಿನ ಗಂಟಲು

ಚಿಕ್ಕಬಳ್ಳಾಪುರದ ಕಡೆಯ ಒಂದು ಹಳ್ಳಿಯಿಂದ ಬೆಳಿಗ್ಗೆ ಆರು ಗಂಟೆಗೆ ಫೋನು. "ರಾತ್ರಿ ಕರ ಹಾಕ್ತು ಡಾಕ್ಟ್ರೇ. ಗಂಟ್ಲತ್ರ ಏನೋ ಗೆಡ್ಡೆ ಐತೆ. ಮೈಮೇಲೆ ಕೂದ್ಲೂ ಸರಿಯಾಗಿ ಬಂದಿಲ್ಲ, ಎದ್ದು ನಿಂತ್ಕೊಳ್ಳಕ್ಕೂ ಆಗ್ತಿಲ್ಲ." ಮಾತಾಡುತ್ತಿದ್ದವರು ಮನೆಯ ಅಜ್ಜಿ. ಜೀವಮಾನವೆಲ್ಲ ಹಸು ಕಟ್ಟಿದವರು ಹೀಗೆ ಮೂರು ಮಾತಲ್ಲಿ ಹೇಳಿದರೆ ಅರ್ಧ ರೋಗ ಪತ್ತೆಯಾದಂತೆಯೇ. ಉಳಿದರ್ಧಕ್ಕೆ ನನಗೆ ಮೂರು ವಾರ ಹಿಡಿಯಿತು. ಅದರಲ್ಲಿ ಮೊದಲ ಎರಡು ದಿನ ತಪ್ಪು ದಾರಿಯಲ್ಲೇ ನಡೆದಿದ್ದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಕೊಟ್ಟಿಗೆಯಲ್ಲಿ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಮಿಶ್ರತಳಿ ಹಸುಗಳು. ಮೂಲೆಯಲ್ಲಿ ಗೋಣಿಚೀಲ ಹೊದಿಸಿಕೊಂಡು ಮಲಗಿದ್ದ ಹೆಣ್ಣುಗರು. ಥರ್ಮಾಮೀಟರ್ ಇಟ್ಟರೆ 98 ಡಿಗ್ರಿ. ಹುಟ್ಟಿದ ಕರುವಿಗೆ 101ರ ಮೇಲಿರಬೇಕು. ಹೊಟ್ಟೆಯ ಅಡಿ, ತೊಡೆಸಂದಿ, ಕತ್ತಿನ ಪಕ್ಕ ಎಲ್ಲ ಕಡೆ ಕೂದಲು ವಿರಳ. ಚರ್ಮ ಹಿಡಿದೆತ್ತಿದರೆ ದಪ್ಪ, ನಾದಿಟ್ಟ ಹಿಟ್ಟನ್ನು ಮುಟ್ಟಿದ ಹಾಗೆ. ಧ್ವನಿಪೆಟ್ಟಿಗೆ ಮುಗಿದು ಶ್ವಾಸನಾಳ ಶುರುವಾಗುವ ಜಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಉಬ್ಬು. ಕರು ಗುಟುಕು ನುಂಗಿದಾಗ ಶ್ವಾಸನಾಳದ ಜತೆಗೇ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಬೆರಳಿಟ್ಟರೆ ಒಳಗೆ ರಕ್ತ ಮಿಡಿಯುವುದು ತಿಳಿಯುತ್ತಿತ್ತು. ಕೃತಕ ಗರ್ಭಧಾರಣೆಯ ಕಾರ್ಡ್ ನೋಡಿದರೆ ತಾಯಿಗೆ ದಿನ ತುಂಬಿ ಹನ್ನೊಂದು ದಿನ ಹೆಚ್ಚಾಗಿತ್ತು. ಸತ್ತೆ (ಮಾಸು) ಇನ್ನೂ ಬಿದ್ದಿರಲಿಲ್ಲ. ಹಾಗಂತ ಹಸು ಕಾಯಿಲೆ ಬಿದ್ದಂತೆ ಕಾಣುತ್ತಿರಲಿಲ್ಲ. ಕಣ್ಣು ಚುರುಕಾಗಿತ್ತು, ಕೆಚ್ಚಲು ತುಂಬಿತ್ತು, ನಾನು ಹೋದಾಗ ಮೇವು ಮೆಲ್ಲುತ್ತಾ ನಿಂತಿತ್ತು.

ಥೈರಾಯ್ಡ್ ಎಂದು ಅನುಮಾನ ಬಂತು. ಕರುವಿನ ಕತ್ತಿನ ರಕ್ತನಾಳದಿಂದ ರಕ್ತ ತೆಗೆದು, ಪಟ್ಟಣದಲ್ಲಿ ಮನುಷ್ಯರ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿಗೆ ಕೊಟ್ಟೆ. ತಾಲ್ಲೂಕು ಮಟ್ಟದಲ್ಲಿ ನಾವೆಲ್ಲ ಮಾಡುವುದು ಇದನ್ನೇ. ಮರುದಿನ ಸಂಜೆ ವರದಿ ಬಂತು. ಟಿ4 ಹಾರ್ಮೋನು 6 ಮೈಕ್ರೋಗ್ರಾಂ, ಪಕ್ಕದಲ್ಲಿ 'ನಾರ್ಮಲ್'. ಟಿಎಸ್‌ಎಚ್ ತೀರಾ ಕಡಿಮೆ, ಅದರ ಕೆಳಗೊಂದು ಗೆರೆ. ಆ ಕಾಗದವನ್ನು ಮನುಷ್ಯರ ವೈದ್ಯರ ಕೈಗೆ ಕೊಟ್ಟಿದ್ದರೆ, ಈ ರೋಗಿಗೆ ಥೈರಾಯ್ಡ್ ಕಡಿಮೆಯಾಗಿಲ್ಲ, ಏನಾದರೂ ಇದ್ದರೆ ಸ್ವಲ್ಪ ಹೆಚ್ಚೇ ಇರಬಹುದು ಎನ್ನುತ್ತಿದ್ದರು. ನಾನೂ ಹಾಗೇ ತಲೆ ಕೆರೆದುಕೊಂಡೆ. ಥೈರಾಯ್ಡ್ ಅಲ್ಲ ಅಂದಮೇಲೆ ಇನ್ನೇನು ಎಂದು ಬೇರೆ ರೋಗಗಳ ಹಿಂದೆ ಬಿದ್ದೆ.

ವರದಿಯ ಎರಡು ಸಾಲೂ ನನಗೆ ಮೋಸ ಮಾಡಿದ್ದವು. ಲ್ಯಾಬಿನವರ ತಪ್ಪೇನೂ ಇಲ್ಲ, ಅವರ ಯಂತ್ರ ಅಳೆಯಬೇಕಾದ್ದನ್ನು ಅಳೆಯಿತು. ಓದುವುದು ತಪ್ಪಿದ್ದು ನನಗೆ.

ಮೊದಲು ಟಿಎಸ್‌ಎಚ್ ವಿಷಯ. ಇದು ಮೆದುಳಿನ ತಳದ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆಜ್ಞೆ. ಪ್ರೋಟೀನಿನಿಂದ ಆದದ್ದು, ಜಾತಿಯಿಂದ ಜಾತಿಗೆ ಅದರ ರಚನೆ ಬದಲಾಗುತ್ತದೆ. ಮನುಷ್ಯರ ಟಿಎಸ್‌ಎಚ್ ಹಿಡಿಯಲೆಂದು ಮಾಡಿದ ಕಿಟ್ಟಿಗೆ ಹಸುವಿನ ಟಿಎಸ್‌ಎಚ್ ಸರಿಯಾಗಿ ಸಿಗುವುದಿಲ್ಲ. ರಕ್ತದಲ್ಲಿ ಅದು ತುಂಬಿ ತುಳುಕುತ್ತಿದ್ದರೂ ಯಂತ್ರ 'ಇಲ್ಲ' ಎನ್ನಬಹುದು. ಆ ಸಾಲನ್ನು ಹೊಡೆದುಹಾಕಿ ಓದುವುದೇ ಕ್ಷೇಮ. ಟಿ4 ಹಾಗಲ್ಲ. ಅದು ನಾಲ್ಕು ಅಯೋಡಿನ್ ಪರಮಾಣು ಹೊತ್ತ ಚಿಕ್ಕ ಅಣು. ಮನುಷ್ಯ, ಹಸು, ಕೋಳಿ, ಕಪ್ಪೆ ಎಲ್ಲರಲ್ಲೂ ಒಂದೇ. ಆದ್ದರಿಂದ ಟಿ4 ಸಂಖ್ಯೆಯನ್ನು ಸುಮಾರಾಗಿ ನಂಬಬಹುದು. ಆದರೆ ಅದನ್ನು ಯಾವುದರ ಪಕ್ಕ ಇಟ್ಟು ನೋಡುತ್ತೀರಿ ಎಂಬುದು ಬೇರೆಯೇ ಪ್ರಶ್ನೆ. ನಾನು ಎಡವಿದ್ದು ಅಲ್ಲಿ.

ಕರು ಹುಟ್ಟಿದ ದಿನ ಅದರ ರಕ್ತದಲ್ಲಿ ಟಿ4 ಅದರ ತಾಯಿಯಲ್ಲಿರುವುದರ ಸುಮಾರು ಎರಡು ಮೂರು ಪಟ್ಟು ಇರುತ್ತದೆ. ಮೊದಲ ವಾರದಲ್ಲಿ ಜರ್ರನೆ ಇಳಿಯುತ್ತದೆ. ಇದಕ್ಕೆ ಕಾರಣವಿದೆ. ಒಂಬತ್ತು ತಿಂಗಳು ತಾಯಿಯ ಹೊಟ್ಟೆಯ ಬಿಸಿಯಲ್ಲಿದ್ದ ಜೀವ ಒದ್ದೆ ಮೈಯಲ್ಲಿ ತಣ್ಣನೆ ಕೊಟ್ಟಿಗೆಗೆ ಬೀಳುತ್ತದೆ. ಆ ಹೊತ್ತಲ್ಲಿ ಮೈ ಬಿಸಿ ಕಾಯ್ದುಕೊಳ್ಳಲು ಮೂತ್ರಪಿಂಡದ ಸುತ್ತ ಶೇಖರಿಸಿಟ್ಟ ಕಂದು ಕೊಬ್ಬನ್ನು ಉರಿಸಬೇಕು, ಆ ಒಲೆ ಹೊತ್ತಿಸಲು ಥೈರಾಯ್ಡ್ ಹಾರ್ಮೋನು ಬೇಕು. ಕರುವಿಗೆ ಹುಟ್ಟಿದ ಮೊದಲ ದಿನ ಇರುವಷ್ಟು ಅಗತ್ಯ ಬದುಕಿನಲ್ಲಿ ಮತ್ತೆ ಇರುವುದಿಲ್ಲ. ಮನುಷ್ಯರಲ್ಲಿ ಟಿ4 ಸುಮಾರು 5ರಿಂದ 12ರ ನಡುವೆ ಇರಬೇಕು. ಬೆಳೆದ ಹಸುವಿನಲ್ಲೂ 6 ಎಂದರೆ ಸರಿಯೇ. ಹುಟ್ಟಿ ಹತ್ತು ಗಂಟೆಯೂ ಆಗದ ಕರುವಿನಲ್ಲಿ ಅದೇ 6 ಎಂದರೆ ಬರ. ನನ್ನ ಟ್ಯೂಬಿನ ಮೇಲೆ 'ಕರು' ಎಂದು ಬರೆದಿದ್ದೆ, ಎಷ್ಟು ಗಂಟೆಯ ಕರು ಎಂದು ಬರೆದಿರಲಿಲ್ಲ. ಆಮೇಲೆ ಪುಸ್ತಕ ತೆಗೆದು ನೋಡುವವರೆಗೆ ನನಗೂ ಅದು ಹೊಳೆದಿರಲಿಲ್ಲ.

ಗ್ರಂಥಿ ಯಾಕೆ ಊದಿಕೊಳ್ಳುತ್ತದೆ? ನೂಲಿಲ್ಲದ ನೇಕಾರನನ್ನು ನೆನೆಯಿರಿ. ಸೀರೆ ಬೇಕು ಬೇಕು ಎಂದು ಪೇಟೆಯಿಂದ ಆರ್ಡರ್ ಬರುತ್ತಲೇ ಇದೆ, ನೂಲು ಬರುತ್ತಿಲ್ಲ. ಅವನು ಇನ್ನೆರಡು ಮಗ್ಗ ಹಾಕುತ್ತಾನೆ, ಇನ್ನಿಬ್ಬರು ಆಳು ಹಿಡಿಯುತ್ತಾನೆ, ಮನೆಯ ಜಗಲಿಗೂ ಮಗ್ಗ ಬರುತ್ತದೆ. ಸೀರೆ ಮಾತ್ರ ಹುಟ್ಟುವುದಿಲ್ಲ. ಇಲ್ಲಿ ನೂಲು ಅಯೋಡಿನ್. ಟಿ4 ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಯೋಡಿನ್ನೇ. ಅದು ಸಿಗದಿದ್ದರೆ ಪಿಟ್ಯುಟರಿ ಟಿಎಸ್‌ಎಚ್ ಮೇಲೆ ಟಿಎಸ್‌ಎಚ್ ಕಳಿಸುತ್ತದೆ, ಥೈರಾಯ್ಡಿನ ಕೋಶಗಳು ಎತ್ತರೆತ್ತರ ಬೆಳೆಯುತ್ತವೆ, ರಕ್ತನಾಳಗಳು ದಪ್ಪಗಾಗುತ್ತವೆ. ನನ್ನ ಬೆರಳಿಗೆ ಸಿಕ್ಕ ಮಿಡಿತ ಅದೇ. ಮನುಷ್ಯರಲ್ಲಿ ಇದಕ್ಕೆ ಗಳಗಂಡ ಎನ್ನುತ್ತೇವೆ, ಕರುವಿನಲ್ಲೂ ಅದೇ ಹೆಸರು ಸಲ್ಲುತ್ತದೆ.

ತಾಯಿ ಚೆನ್ನಾಗಿದ್ದು ಕರು ಮಾತ್ರ ಹೀಗಾದದ್ದು ಅಜ್ಜಿಗೆ ಬಿಡಿಸದ ಒಗಟಾಗಿತ್ತು. ಹಸು, ಕುರಿ, ಮೇಕೆಗಳ ಮಾಸು ಅಯೋಡಿನ್ನನ್ನು ಮರಿಯ ಕಡೆಗೆ ಬಿಟ್ಟುಕೊಡುತ್ತದೆ. ತಾಯಿಯ ಸಿದ್ಧ ಹಾರ್ಮೋನನ್ನು ಬಿಡುವುದು ಅಷ್ಟಕ್ಕಷ್ಟೆ. ಹೊಟ್ಟೆಯೊಳಗಿನ ಕರು ತನ್ನ ಹಾರ್ಮೋನನ್ನು ತಾನೇ ನೇಯ್ದುಕೊಳ್ಳಬೇಕು, ನೂಲು ಮಾತ್ರ ಅಮ್ಮನ ಮನೆಯಿಂದ. ಕೊರತೆಯಾದಾಗ ತಾಯಿ ಹೇಗೋ ತೂಗಿಸಿಕೊಂಡು ಹೋಗುತ್ತದೆ, ಹಾಲೂ ಕೊಡುತ್ತದೆ. ಪೆಟ್ಟು ಬೀಳುವುದು ಕೂದಲು ಹುಟ್ಟಬೇಕಾದ, ಶ್ವಾಸಕೋಶ ಹಣ್ಣಾಗಬೇಕಾದ ಕರುವಿಗೆ.

ಹಾಗಂತ ಕರುವಿನ ಗಂಟಲಲ್ಲಿ ಕಂಡ ಉಬ್ಬೆಲ್ಲ ಥೈರಾಯ್ಡ್ ಅಲ್ಲ. ಹುಳುಬಾಧೆಯಿಂದ ದವಡೆಯ ಕೆಳಗೆ ನೀರು ತುಂಬುವುದುಂಟು, ಅದು ದೊಡ್ಡ ಕರುಗಳಲ್ಲಿ. ಬೆರಳಿಂದ ಒತ್ತಿದರೆ ಗುಳಿ ಬಿದ್ದು ಉಳಿಯುತ್ತದೆ. ಕೀವು ತುಂಬಿದ ಗಡ್ಡೆ ಸಾಮಾನ್ಯವಾಗಿ ಒಂದೇ ಪಕ್ಕ, ಮುಟ್ಟಿದರೆ ನೋವು. ಕೂದಲಿಲ್ಲದೆ ಹುಟ್ಟುವುದಕ್ಕೂ ಬೇರೆ ಕಾರಣಗಳಿವೆ: ವಂಶಪಾರಂಪರ್ಯವಾಗಿ ಬರುವ ಕೂದಲಿನ ದೋಷ, ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತಗಲುವ ಬಿವಿಡಿ ವೈರಸ್, ದಿನ ತುಂಬದೆ ಬಿದ್ದ ಕರು. ಇಲ್ಲಿ ಕಾರ್ಡ್ ನೆರವಿಗೆ ಬಂತು. ದಿನ ತುಂಬದ ಕರುವಿಗೆ ಕೂದಲು ಗಿಡ್ಡವಿರುವುದು ಸಹಜ. ಹನ್ನೊಂದು ದಿನ ತಡವಾಗಿ ಬಂದ ಕರುವಿಗೆ ಕೂದಲಿಲ್ಲ ಎಂದರೆ ಅದು ಬೇರೆ ಮಾತು. ಇನ್ನು ಏಳಲಾಗದ ಕರು ಎಂಬ ಲಕ್ಷಣಕ್ಕಂತೂ ಕಾರಣಗಳ ಲೆಕ್ಕವೇ ಇಲ್ಲ. ಕಷ್ಟದ ಹೆರಿಗೆ, ಉಸಿರುಕಟ್ಟು, ಗಿಣ್ಣದ ಹಾಲು ಸಿಗದಿರುವುದು, ಸೆಲೆನಿಯಂ ಕೊರತೆಯಿಂದ ಸ್ನಾಯು ಬೆಳ್ಳಗಾಗುವುದು, ಲೆಪ್ಟೊಸ್ಪೈರಾ, ಬ್ರುಸೆಲ್ಲಾ ಎಂಬ ರೋಗಾಣುಗಳು. ವರದಿ ನೋಡಿದ ಮೇಲೆ ನಾನು ಬಿದ್ದದ್ದು ಇವುಗಳ ಹಿಂದೆಯೇ.

ಮೂರನೆಯ ರಾತ್ರಿ ಕರು ಸತ್ತಿತು. ಬೆಳಿಗ್ಗೆ ಹೋಗಿ, ಗಂಟಲು ಕುಯ್ದು ನೋಡುತ್ತೇನೆ ಎಂದೆ.

"ಸತ್ತ ಕರಾನ ಕುಯ್ದು ಏನ್ ಮಾಡ್ತೀರಾ ಡಾಕ್ಟ್ರೇ?" ಅಜ್ಜಿಯ ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ಇನ್ನೆರಡು ಹಸು ಗಬ್ಬ ಇದಾವಲ್ಲಜ್ಜಿ, ಅವುಕ್ಕೋಸ್ಕರ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಕೊಟ್ಟಿಗೆ ಹಿಂದ್ಗಡೆ ಮಾಡ್ಕಳಿ, ತಾಯಿಗೆ ಕಾಣಬಾರ್ದು" ಅಂದರು.

ಸತ್ತು ಹುಟ್ಟಿದ ಕರು, ಮಾಸನ್ನು ಕೈಗವಸು ಹಾಕದೆ ಮುಟ್ಟಬೇಡಿ ಎಂದು ನಾವು ಊರೂರು ಹೇಳಿಕೊಂಡು ಬರುತ್ತೇವೆ; ಬ್ರುಸೆಲ್ಲಾ ಮನುಷ್ಯರಿಗೂ ಅಂಟುತ್ತದೆ. ಅದನ್ನು ಅಲ್ಲಿ ಮತ್ತೊಮ್ಮೆ ಹೇಳಿ, ಕೈಗವಸು ಏರಿಸಿ, ದವಡೆಯಿಂದ ಎದೆಯವರೆಗೆ ಚರ್ಮ ಬಿಡಿಸಿದೆ. ಇಲ್ಲೊಂದು ಹಳೆಯ ಬಲೆಯಿದೆ, ಹೊಸಬರು ತಪ್ಪದೆ ಬೀಳುತ್ತಾರೆ. ಎಳೆಗರುವಿನ ಕತ್ತಿನ ಉದ್ದಕ್ಕೂ ಥೈಮಸ್ ಎಂಬ ಇನ್ನೊಂದು ಗ್ರಂಥಿ ಹರಡಿಕೊಂಡಿರುತ್ತದೆ. ನಸುಗೆಂಪು ಬೆರೆತ ಬಿಳಿ ಬಣ್ಣ, ಮೆತ್ತಗೆ, ಗೊಂಚಲು ಗೊಂಚಲು. ಅದು ದೊಡ್ಡದಾಗಿಯೇ ಇರಬೇಕಾದ್ದು, ಕರು ಬೆಳೆದಂತೆ ಕರಗುತ್ತದೆ. ಅದನ್ನೇ ಥೈರಾಯ್ಡ್ ಎಂದು ತೂಗಿ 'ಗಳಗಂಡ' ಎಂದು ಬರೆದವರಿದ್ದಾರೆ. ಥೈರಾಯ್ಡ್ ಹುಡುಕಬೇಕಾದರೆ ಧ್ವನಿಪೆಟ್ಟಿಗೆಯ ಗಟ್ಟಿ ಎಲುಬಿನಂಥ ಭಾಗವನ್ನು ಮೊದಲು ಹಿಡಿಯಬೇಕು. ಅಲ್ಲಿಂದ ಕೆಳಗೆ ಶ್ವಾಸನಾಳದ ಮೊದಲ ಒಂದೆರಡು ಉಂಗುರಗಳ ಇಕ್ಕೆಲಕ್ಕೆ ಅಂಟಿಕೊಂಡು, ಕಡು ಕೆಂಗಂದು ಬಣ್ಣದ, ಬಿಗಿಯಾದ ಎರಡು ಹಾಲೆ. ನಡುವೆ ಸೇತುವೆಯಂತೆ ಒಂದು ಪಟ್ಟಿ. ಆರೋಗ್ಯವಂತ ಕರುವಿನಲ್ಲಿ ಒಂದೊಂದು ಹಾಲೆ ಚಪ್ಪಟೆ ಮಾಡಿದ ನೇರಳೆಹಣ್ಣಿನಷ್ಟು. ಇಲ್ಲಿ ಒಂದೊಂದೂ ನಿಂಬೆಹಣ್ಣಿನ ಗಾತ್ರಕ್ಕೆ ಬಂದಿತ್ತು, ಕುಯ್ದಾಗ ರಕ್ತ ಒಸರಿತು.

ನನ್ನ ಚೀಲದಲ್ಲಿ ಬಂಗಾರ ತೂಗುವ ಅಂಗೈ ಅಗಲದ ಎಲೆಕ್ಟ್ರಾನಿಕ್ ತಕ್ಕಡಿ ಇರುತ್ತದೆ. ಹೆಂಡತಿಗೆ ಅದರ ಬಗ್ಗೆ ಗೊತ್ತಾದ ದಿನ ಮನೆಯಲ್ಲಿ ನಡೆದ ವಿಚಾರಣೆ ಇಲ್ಲಿ ಬೇಡ. ಸುತ್ತಲಿನ ಕೊಬ್ಬು, ಪೊರೆ ಬಿಡಿಸಿ ಗ್ರಂಥಿ ಇಟ್ಟೆ: 46 ಗ್ರಾಂ. ದಿನ ತುಂಬಿ ಹುಟ್ಟಿದ ಕರುವಿನಲ್ಲಿ ಅದು ಸುಮಾರು 6.5ರಿಂದ 11 ಗ್ರಾಂ ಇರುತ್ತದೆ, 13 ದಾಟಿದರೆ ಗಳಗಂಡ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಈ ಲೆಕ್ಕ ದೊಡ್ಡ ತಳಿಗಳದ್ದು. ಮಲೆನಾಡು ಗಿಡ್ಡ ತಳಿಯ ಪುಟ್ಟ ಕರುವಿಗೆ ಇದೇ ಗ್ರಾಂ ಹಚ್ಚಿದರೆ ನಿಜವಾದ ಗಳಗಂಡವೂ ತಪ್ಪಿಸಿಕೊಳ್ಳುತ್ತದೆ, ಅಲ್ಲಿ ಮೈತೂಕದ ಜತೆ ಹೋಲಿಸಬೇಕು. ಎರಡು ಸಾವಿರ ರೂಪಾಯಿಯ ರಕ್ತ ಪರೀಕ್ಷೆ ಹೇಳದ್ದನ್ನು ಮುನ್ನೂರು ರೂಪಾಯಿಯ ತಕ್ಕಡಿ ಹೇಳಿತು ಎಂದು ನಾನು ಅವತ್ತಿನಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಒಂದು ಹಾಲೆಯನ್ನು ಶೇಕಡ 10ರ ಫಾರ್ಮಲಿನ್‌ನಲ್ಲಿ ಹಾಕಿ ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳಿಸಿದೆ, ಇನ್ನೊಂದನ್ನು ಅಯೋಡಿನ್ ಅಳೆಸಬೇಕಾದರೆ ಇರಲಿ ಎಂದು ಮಂಜುಗಡ್ಡೆಯಲ್ಲಿ ಇಟ್ಟುಕೊಂಡೆ. ಒಣಗಿಸಿದ ಗ್ರಂಥಿಯಲ್ಲಿ ಅಯೋಡಿನ್ ಶೇಕಡ 0.1ಕ್ಕಿಂತ ಕೆಳಗಿಳಿದರೆ ಕೋಶಗಳು ಹೀಗೆ ಬೆಳೆಯತೊಡಗುತ್ತವೆ ಎಂಬುದು ನೂರು ವರ್ಷ ಹಳೆಯ ಜ್ಞಾನ. ಎರಡೂವರೆ ವಾರದ ಮೇಲೆ ಬಂದ ಸೂಕ್ಷ್ಮದರ್ಶಕದ ವರದಿಯಲ್ಲಿ ಇದ್ದದ್ದೂ ಅದೇ ಚಿತ್ರ: ಎತ್ತರಕ್ಕೆ ಬೆಳೆದು ಮಡಿಕೆ ಬಿದ್ದ ಕೋಶಗಳು, ಹಾರ್ಮೋನು ಶೇಖರಿಸಿಡುವ ಅಂಟುದ್ರವ ಹೆಚ್ಚುಕಡಿಮೆ ಖಾಲಿ.

ಅಷ್ಟು ದಿನ ಕಾಯುವ ಮೊದಲೇ ಉತ್ತರ ಕಣ್ಣೆದುರಿಗೆ ಬಂದಿತ್ತು. ಗ್ರಂಥಿ ಡಬ್ಬಿಗೆ ಹಾಕಿ ಕೈ ತೊಳೆಯುತ್ತಿದ್ದಾಗ ಅಂಗಳಕ್ಕೆ ಒಂದು ಟೆಂಪೋ ಬಂದು, ಅದರಿಂದ ಕೋಸಿನ ಹೊರಎಲೆಗಳ ರಾಶಿ ಸುರಿಯಿತು. ಮಾರುಕಟ್ಟೆಯಲ್ಲಿ ಕೋಸು ಸುಲಿದು ಬಿಸಾಕಿದ ಎಲೆ; ಮಗನ ಸ್ನೇಹಿತ ದಿನಾ ತಂದು ಕೊಡುತ್ತಾನೆ, ದುಡ್ಡಿಲ್ಲ. ಮಳೆ ಕೈಕೊಟ್ಟು ಹಸಿ ಮೇವು ಇಲ್ಲವಾದಾಗಿನಿಂದ, ಅಂದರೆ ಆರು ತಿಂಗಳಿಂದ, ನಾಲ್ಕೂ ಹಸುಗಳ ಗೋದಲಿಗೆ ಇದೇ. ಮೊದಲ ದಿನ ನಾನು ಹೋದಾಗ ಹಸು ಮೆಲ್ಲುತ್ತಿದ್ದದ್ದೂ ಇದನ್ನೇ, ಗಮನಿಸಿರಲಿಲ್ಲ.

ಕೋಸು, ಹೂಕೋಸು, ಮೂಲಂಗಿ, ಸಾಸಿವೆಗಳದು ಒಂದೇ ಕುಲ. ಅವುಗಳ ಖಾರದ ವಾಸನೆಗೆ ಕಾರಣವಾದ ಗಂಧಕದ ವಸ್ತುಗಳು ಹೊಟ್ಟೆಯಲ್ಲಿ ಒಡೆದು ಥಯೋಸಯನೇಟ್ ಆಗುತ್ತವೆ. ಥೈರಾಯ್ಡ್ ಅಯೋಡಿನ್ನನ್ನು ರಕ್ತದಿಂದ ಎಳೆದುಕೊಳ್ಳುವ ಬಾಗಿಲಲ್ಲಿ ಅದು ನಿಂತುಬಿಡುತ್ತದೆ. ಅಯೋಡಿನ್ ಹೆಚ್ಚು ಕೊಟ್ಟರೆ ಅದನ್ನು ತಳ್ಳಿಕೊಂಡು ಒಳಗೆ ಹೋಗುತ್ತದೆ. ಅದೇ ಕುಲದ ಬೀಜ, ಹಿಂಡಿಗಳಿಂದ ಹುಟ್ಟುವ ಗಾಯಿಟ್ರಿನ್ ಎಂಬ ಇನ್ನೊಂದು ವಸ್ತು ಒಳಗೆ ನಡೆಯುವ ನೇಯ್ಗೆಯನ್ನೇ ಕೆಡಿಸುತ್ತದೆ. ಅದಕ್ಕೆ ಅಯೋಡಿನ್ನಿನ ಮದ್ದು ಅಷ್ಟಾಗಿ ನಾಟುವುದಿಲ್ಲ. ಕೋಸಿಗೂ ಗಳಗಂಡಕ್ಕೂ ನಂಟಿದೆ ಎಂಬುದು ಗೊತ್ತಾದದ್ದೂ ಆಕಸ್ಮಿಕವಾಗಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಚೆಸ್ನಿ ಮತ್ತು ಸಂಗಡಿಗರು ಸಿಫಿಲಿಸ್ ಅಧ್ಯಯನಕ್ಕೆಂದು ಮೊಲ ಸಾಕಿದ್ದರು, ಮೇವಿಗೆ ಕೋಸು ಹಾಕುತ್ತಿದ್ದರು. ಮೊಲಗಳ ಗಂಟಲು ಊದತೊಡಗಿತು. 1928ರಲ್ಲಿ ಅವರು ಪ್ರಕಟಿಸಿದ ಆ ಮೊಲಗಳ ಕಥೆಯಿಂದ ಗಳಗಂಡ ತರುವ ಆಹಾರಗಳ ಪಟ್ಟಿ ಬೆಳೆಯಲು ಶುರುವಾಯಿತು.

ನಮ್ಮ ಕಡೆ ಆ ಪಟ್ಟಿಯಲ್ಲಿ ಗಮನಿಸಬೇಕಾದ ಇನ್ನೊಂದು ಹೆಸರು ಸುಬಾಬುಲ್. ಬದುವಿನ ಮೇಲೆ, ಕೆರೆಯಂಗಳದಲ್ಲಿ ಹುಲುಸಾಗಿ ಬೆಳೆದು ನಿಂತಿದೆ, ಪ್ರೋಟೀನು ದಂಡಿಯಾಗಿರುವ ಸೊಪ್ಪು. ಅದರಲ್ಲಿರುವ ಮಿಮೋಸಿನ್ ಕೂದಲು ಉದುರಿಸುತ್ತದೆ, ಮೆಲುಕು ಹೊಟ್ಟೆಯಲ್ಲಿ ಅದು ಒಡೆದು ಹುಟ್ಟುವ ವಸ್ತು ಥೈರಾಯ್ಡನ್ನು ಕಟ್ಟಿಹಾಕುತ್ತದೆ. ಆಸ್ಟ್ರೇಲಿಯಾದಲ್ಲಿ ಇದನ್ನು ಮೇಯ್ದ ದನಗಳಿಗೆ ಗಳಗಂಡ ಬರುತ್ತಿತ್ತು, ಹವಾಯಿ ದ್ವೀಪದಲ್ಲಿ ಬರುತ್ತಿರಲಿಲ್ಲ. ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಹವಾಯಿಯ ಮೇಕೆಗಳ ಹೊಟ್ಟೆಯ ರಸ ತಂದು ಆಸ್ಟ್ರೇಲಿಯಾದ ಪ್ರಾಣಿಗಳ ಹೊಟ್ಟೆಗೆ ಬಿಟ್ಟರು, ತೊಂದರೆ ಹೋಯಿತು. ಆ ವಿಷ ಕರಗಿಸುವ ಬ್ಯಾಕ್ಟೀರಿಯಾಕ್ಕೆ ಆಮೇಲೆ ಅವರದೇ ಹೆಸರು ಬಂತು, ಸಿನರ್ಜಿಸ್ಟಿಸ್ ಜೋನ್ಸಿಯೈ. ಹಾಲಿಗೆ ಹೆಪ್ಪು ಕಡ ತಂದ ಹಾಗಿದೆ ಈ ಕಥೆ, ನನಗೆ ಬಹಳ ಇಷ್ಟ. ನಮ್ಮ ರೈತರಿಗೆ ಹೇಳುವ ಮಾತು ಇಷ್ಟೇ: ಒಟ್ಟು ಮೇವಿನಲ್ಲಿ ಸುಬಾಬುಲ್ ಮೂರರಲ್ಲೊಂದು ಪಾಲು ಮೀರದಿರಲಿ, ಗಬ್ಬದ ಹಸುವಿಗೆ ಅದಕ್ಕಿಂತಲೂ ಕಡಿಮೆ.

"ಉಪ್ಪು ಹಾಕ್ತೀವಲ್ಲ ಡಾಕ್ಟ್ರೇ, ಅಯೋಡಿನ್ ಉಪ್ಪು, ಟಿವೀಲಿ ತೋರಿಸ್ತಾರಲ್ಲ ಅದೇ" ಎಂದರು ಮನೆಯ ಸೊಸೆ. ಮಾತು ಸರಿಯೇ. ಲೆಕ್ಕ ಹಾಕಿ ತೋರಿಸಬೇಕಾಯಿತು. ನೀರಿನಂಶ ಕಳೆದು ನೋಡಿದರೆ ಹಸು ದಿನಕ್ಕೆ ಹತ್ತು ಕೆ.ಜಿ. ಮೇವು ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಕೆ.ಜಿ.ಗೆ ಅರ್ಧ ಮಿಲಿಗ್ರಾಂ ಅಯೋಡಿನ್ ಬೇಕು, ಒಟ್ಟು 5 ಮಿಲಿಗ್ರಾಂ. ಕೋಸಿನಂಥದು ತಿನ್ನುತ್ತಿದ್ದರೆ ಅದರ ದುಪ್ಪಟ್ಟು. ನಾವು ತಿನ್ನುವ ಉಪ್ಪಿನಲ್ಲಿ ಗ್ರಾಹಕರ ಕೈಗೆ ಬರುವಾಗ ಕೆ.ಜಿ.ಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು ಎಂಬುದು ನಿಯಮ. ಹಸುವಿಗೆ ದಿನಕ್ಕೆ 30 ಗ್ರಾಂ ಉಪ್ಪು ಹಾಕಿದರೆ ಸಿಗುವುದು ಅರ್ಧ ಮಿಲಿಗ್ರಾಮಿಗೂ ಕಡಿಮೆ. ಮೇವಿನಿಂದ ಒಂದಷ್ಟು ಬರುತ್ತದೆ ನಿಜ, ಆದರೆ ಉಪ್ಪೊಂದರಿಂದಲೇ ತುಂಬಿಸಬೇಕಾದರೆ ದಿನಕ್ಕೆ ಮುನ್ನೂರು ಗ್ರಾಂ ಮೀರಿ ಸುರಿಯಬೇಕು. ಅದೂ ಪ್ಯಾಕೆಟ್ ಉಪ್ಪಿನ ಮಾತು. ಕೊಟ್ಟಿಗೆಗೆ ಹೋಗುವುದು ಬಹುಪಾಲು ಮೂಟೆಯ ಹರಳುಪ್ಪು, ಅದರಲ್ಲಿ ಅಯೋಡಿನ್ ಸೇರಿಸಿರುವುದೇ ಇಲ್ಲ. ಅದಕ್ಕೇ ಡೇರಿಯಲ್ಲಿ ಸಿಗುವ ಖನಿಜ ಮಿಶ್ರಣ ಹಾಕಿ ಎನ್ನುವುದು. ಈ ಮನೆಯಲ್ಲೂ ಅದರ ಒಂದು ಪ್ಯಾಕೆಟ್ ಇತ್ತು. ಅಟ್ಟದ ಮೇಲೆ, ಒಡೆಯದೆ.

ಮಣ್ಣು, ನೀರಿನಲ್ಲೇ ಅಯೋಡಿನ್ ಇಲ್ಲದ ಸೀಮೆಗಳ ಕಥೆ ಬೇರೆ. ಅಮೆರಿಕದ ಮಾಂಟಾನಾದಲ್ಲಿ ಹಂದಿಮರಿಗಳು ಮೈಮೇಲೆ ಒಂದು ಕೂದಲೂ ಇಲ್ಲದೆ ಹುಟ್ಟಿ ಸಾಯುತ್ತಿದ್ದವು. ಕರು, ಕುರಿಮರಿ, ಕುದುರೆಮರಿಗಳೂ ಗಂಟಲು ಊದಿಸಿಕೊಂಡು ಹುಟ್ಟುತ್ತಿದ್ದವು. ವೆಲ್ಚ್ ಎಂಬ ಪಶುವೈದ್ಯ 1917ರಲ್ಲಿ ಇದನ್ನು ಗಳಗಂಡದ ಜತೆ ಜೋಡಿಸಿ ಬರೆದರು. ನಮ್ಮಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವೈದ್ಯವಿಜ್ಞಾನಿ ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಅಯೋಡಿನ್ ಉಪ್ಪು ಕೊಟ್ಟು ನಡೆಸಿದ ಪ್ರಯೋಗ ಮನುಷ್ಯರ ಮೇಲಿನದು, ಅದರ ಬೆನ್ನಿಗೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿ ಗಳಗಂಡ ಹೆಚ್ಚು ಎಂದು ಸಮೀಕ್ಷೆಗಳು ಗುರುತಿಸಿದವು. ಸುರಿಯುವ ಮಳೆ ಮಣ್ಣಿನ ಅಯೋಡಿನ್ನನ್ನು ತೊಳೆದು ಸಮುದ್ರಕ್ಕೆ ಒಯ್ಯುತ್ತದೆ. ಅದೇ ಮಣ್ಣಿನ ಹುಲ್ಲು ತಿನ್ನುವ ದನಗಳನ್ನು ಅಷ್ಟೇ ಆಸ್ಥೆಯಿಂದ ಯಾರು ಪರೀಕ್ಷಿಸಿದ್ದಾರೆ ಎಂದು ನಾನು ಆಗಾಗ ಕೇಳಿಕೊಳ್ಳುವುದುಂಟು. ಪಶು ಸಂಜೀವಿನಿ ವಾಹನ ಕರೆಸುವ ಸಹಾಯವಾಣಿಯ ಸಂಖ್ಯೆಯೂ 1962 ಎಂಬುದು ಕಾಕತಾಳೀಯ, ನೆನಪಿಟ್ಟುಕೊಳ್ಳಲು ಸುಲಭ.

ಅಪರೂಪಕ್ಕೆ ಮೇವಿನದಾಗಲೀ ಮಣ್ಣಿನದಾಗಲೀ ತಪ್ಪಿರುವುದಿಲ್ಲ. ದಕ್ಷಿಣ ಆಫ್ರಿಕಾದ ಆಫ್ರಿಕಾಂಡರ್ ತಳಿಯಲ್ಲಿ ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನಿನ ಜೀನಿನಲ್ಲೇ ದೋಷವಿದ್ದು ಗಳಗಂಡ ವಂಶದಲ್ಲಿ ಹರಿದು ಬಂದದ್ದನ್ನು 1987ರಲ್ಲಿ ಪತ್ತೆ ಮಾಡಿದರು. ಅಲ್ಲಿ ನೂಲಿದೆ, ಮಗ್ಗವೇ ಮುರಿದಿದೆ. ಒಂದೇ ಹೋರಿಯ ವೀರ್ಯದಿಂದ ಹುಟ್ಟಿದ ಕರುಗಳಲ್ಲೇ ತೊಂದರೆ ಕಂಡು, ಅದೇ ಗೋದಲಿಯ ಬೇರೆ ಕರುಗಳು ಚೆನ್ನಾಗಿದ್ದರೆ ಮಾತ್ರ ಆ ದಿಕ್ಕಿಗೆ ಯೋಚನೆ ಹರಿಸಬೇಕು.

ಇನ್ನೊಂದು ಎಚ್ಚರ ಹೇಳದೆ ಮುಂದೆ ಹೋಗಬಾರದು. ಗ್ರಂಥಿ ದೊಡ್ಡದಿದ್ದ ಮಾತ್ರಕ್ಕೆ ಕರು ಸತ್ತದ್ದು ಅದರಿಂದಲೇ ಎನ್ನುವಂತಿಲ್ಲ. ಉತ್ತರ ಐರ್ಲೆಂಡಿನಲ್ಲಿ ಸತ್ತು ಹುಟ್ಟುವ, ಸೊರಗಿ ಹುಟ್ಟುವ ಕರುಗಳ ಕಾಟ ಹೆಚ್ಚಾಗಿದ್ದಾಗ ಸಂಶೋಧಕರು ಗಬ್ಬದ ಪಡ್ಡೆಗಳಿಗೆ ಬೇಕೆಂದೇ ಅಯೋಡಿನ್ ಕೊರತೆಯ ಆಹಾರ ಕೊಟ್ಟು ನೋಡಿದರು. 1997ರಲ್ಲಿ ಬಂದ ಆ ವರದಿಯ ಪ್ರಕಾರ ಕರುಗಳ ಥೈರಾಯ್ಡ್ ಭಾರವಾಗಿತ್ತು, ಕೋಶಗಳು ಬೆಳೆದಿದ್ದವು. ಕರುಗಳು ಮಾತ್ರ ನೋಡಲು ಚೆನ್ನಾಗಿಯೇ ಹುಟ್ಟಿದವು. ಅಂದರೆ ಇನ್ನೇನೋ ಒಂದು ಜತೆಗೂಡಬೇಕು. ಸೆಲೆನಿಯಂ ಇರಬಹುದೆಂಬ ಅನುಮಾನಕ್ಕೆ ಆಧಾರವಿದೆ: ಟಿ4ನಿಂದ ಒಂದು ಅಯೋಡಿನ್ ಕಳಚಿ, ನಿಜವಾಗಿ ಕೆಲಸ ಮಾಡುವ ಟಿ3 ಮಾಡುವ ಕಿಣ್ವದಲ್ಲಿ ಸೆಲೆನಿಯಂ ಇದೆ. ಅದು ಕಡಿಮೆಯಾದರೆ ಟಿ4 ರಕ್ತದಲ್ಲಿ ಇದ್ದೂ ಇಲ್ಲದಂತೆ. ಹೀಗಾಗಿ ಸತ್ತ ಕರುವಿನ ಥೈರಾಯ್ಡ್ ದಪ್ಪ ಕಂಡೊಡನೆ ಕಡತ ಮುಚ್ಚಿ, ಬ್ರುಸೆಲ್ಲಾ ಪರೀಕ್ಷೆ ಬಿಟ್ಟುಬಿಡುವುದು ದೊಡ್ಡ ಅಪಾಯ. ನಾನು ಈ ಕೊಟ್ಟಿಗೆಯ ನಾಲ್ಕೂ ಹಸುಗಳ ರಕ್ತ ಅದಕ್ಕಾಗಿ ಕಳಿಸಿದೆ, ಏನೂ ಸಿಗಲಿಲ್ಲ.

ಅಯೋಡಿನ್ ಕಡಿಮೆಯಾಗಿದೆ ಎಂದು ಗೊತ್ತಾದೊಡನೆ ಬಾಟಲಿಗಟ್ಟಲೆ ಕುಡಿಸುವ ಉತ್ಸಾಹವೂ ಬೇಡ. ಅತಿಯಾದ ಅಯೋಡಿನ್ ಕೂಡ ಥೈರಾಯ್ಡನ್ನು ನಿಲ್ಲಿಸುತ್ತದೆ, ಅದರಿಂದಲೂ ಗಳಗಂಡ ಬರುತ್ತದೆ. ಐರ್ಲೆಂಡಿನಲ್ಲಿ ಗಬ್ಬದ ಕುರಿಗಳಿಗೆ ಅಯೋಡಿನ್ ಅತಿಯಾಗಿ ಕೊಟ್ಟಾಗ ಹುಟ್ಟಿದ ಮರಿಗಳು ಗಿಣ್ಣದ ಹಾಲಿನ ರೋಗನಿರೋಧಕಗಳನ್ನು ಸರಿಯಾಗಿ ಹೀರಿಕೊಳ್ಳಲಿಲ್ಲ. ಹೊರಗಿನಿಂದ ಸೇರುವ ಅಯೋಡಿನ್ ಪರೀಕ್ಷೆಗೂ ಅಡ್ಡ ಬರುತ್ತದೆ. ಹಿಂಡಿನ ಅಯೋಡಿನ್ ಮಟ್ಟ ತಿಳಿಯಲು ಹಾಲನ್ನು ಪರೀಕ್ಷಿಸುವ ಪದ್ಧತಿಯಿದೆ. ಆದರೆ ಹಾಲು ಕರೆದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವ ಮನೆಯಲ್ಲಿ ಹಾಲಿನ ಅಯೋಡಿನ್ ಏರಿಯೇ ಇರುತ್ತದೆ. ಗೋದಲಿ ಬರಿದಾಗಿದ್ದರೂ ವರದಿ ತುಂಬಿದೆ ಎನ್ನುತ್ತದೆ. ಕೆಚ್ಚಲುಬಾವು ತಡೆಯಲು ಆ ಅದ್ದುವಿಕೆ ಬೇಕೇ ಬೇಕು. ಮಾದರಿ ಕಳಿಸುವಾಗ ಆ ವಿಷಯವನ್ನೂ ಚೀಟಿಯಲ್ಲಿ ಬರೆದರಾಯಿತು.

ಉಳಿದ ಎರಡು ಗಬ್ಬದ ಹಸುಗಳಲ್ಲಿ ಒಂದಕ್ಕೆ ಎಂಟು ವಾರ ಬಾಕಿಯಿತ್ತು. ಕೋಸು ನಿಂತಿತು, ಅಟ್ಟದ ಪ್ಯಾಕೆಟ್ ಇಳಿಯಿತು. ಹೆರಿಗೆಯ ರಾತ್ರಿ ನನ್ನನ್ನು ಕರೆಯಲಿಲ್ಲ, ಅಗತ್ಯವೂ ಬೀಳಲಿಲ್ಲ. ಮರುದಿನ ಸಂಜೆ ಹೋದಾಗ ಕರು ಕೊಟ್ಟಿಗೆಯ ಉದ್ದಗಲ ಅಳೆಯುತ್ತಿತ್ತು, ಮೈತುಂಬ ಕೂದಲು. ಗಂಟಲು ಹಿಡಿದು ನೋಡಿದರೆ ಬೆರಳಿಗೆ ಸಿಗುವಷ್ಟು ಸಣ್ಣ ದಪ್ಪ ಇನ್ನೂ ಇತ್ತು. ಆರು ತಿಂಗಳ ಕೋಸಿನ ಗುರುತು ಎಂಟು ವಾರದಲ್ಲಿ ಪೂರ್ತಿ ಅಳಿಯುವುದಿಲ್ಲ. ರಕ್ತ ತೆಗೆದು ಟ್ಯೂಬಿನ ಮೇಲೆ ಬರೆದೆ: ಹೋರಿಗರು, ಹುಟ್ಟಿ 20 ಗಂಟೆ. ಅದೇ ಲ್ಯಾಬು, ಅದೇ ಯಂತ್ರ. ಟಿ4 13.4 ಬಂತು, ಪಕ್ಕದಲ್ಲಿ 'ಹೆಚ್ಚು' ಎಂದು ಗೆರೆ ಹಾಕಿದ್ದರು.

ಹೊರಡುವಾಗ ಅದೇ ಟೆಂಪೋ ಕೋಸಿನೆಲೆ ಹೇರಿಕೊಂಡು ಮನೆ ಮುಂದೆ ನಿಲ್ಲದೆ ಮುಂದೆ ಹೋಯಿತು. ಎಲ್ಲಿಗೆ ಎಂದು ಕೇಳಿದೆ. ಬೀದಿ ಕೊನೆಯಲ್ಲಿ ಬಕ್ರೀದ್‌ಗೆಂದು ಟಗರು ಮೇಯಿಸುತ್ತಿರುವವರ ಮನೆಗಂತೆ.

ನನ್ನ ಮುಖ ನೋಡಿ ಅಜ್ಜಿ ನಕ್ಕರು. "ಟಗರೇನು ಮರಿ ಹಾಕ್ತದಾ ಡಾಕ್ಟ್ರೇ?"